ಬಿಳಿ ದೋಣಿಯ ಜನರೇಟರಮ್ಮ

ದೋಣಿಯಿಂದ
ಜನವರಿ ೯

ಅಕ್ಕಾ,

ನೀನು ಹೇಗಿದ್ದೀಯ ಎಂದು ಕೇಳಿ, ನಾನು ಚೆನ್ನಾಗಿದ್ದೇನೆ ಎಂದು ಬರೆದು, ಆಮೇಲೆ ವಿಷಯಕ್ಕೆ ಬರುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನಮ್ಮ ಕೊಲ್ಲಿಗೆ ಒಂದು ಪೀಡೆ ಬಂದು ವಕ್ಕರಿಸಿದೆ.

ನಿನಗೆ ಗೊತ್ತಲ್ಲ, ಇಲ್ಲಿ ಲಂಗರು ಹಾಕಿರುವ ನಾವೆಲ್ಲ ದೋಣಿಯಲ್ಲೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಇರುವವರು. ಮೂರು ಕಡೆ ಗುಡ್ಡ. ಅಲೆ ಒಳಗೆ ಬರುವುದಿಲ್ಲ, ಗಾಳಿ ಬಂದರೂ ಹೇಳಿ ಕೇಳಿ ಬರುತ್ತದೆ. ಇಲ್ಲಿರುವ ಒಂದೇ ಕಟ್ಟಳೆ ಎಂದರೆ ಮೆಲ್ಲಗೆ ಮಾತಾಡುವುದು. ನೀರಿನ ಮೇಲೆ ಮಾತು ಜಾರಿಕೊಂಡು ಹೋಗುತ್ತದೆ. ಒಂದು ದೋಣಿಯಲ್ಲಿ ಗಂಡ ಹೆಂಡತಿ ಊಟಕ್ಕೆ ಉಪ್ಪು ಜಾಸ್ತಿಯಾಯಿತೆಂದು ಜಗಳವಾಡಿದರೆ ಆಚೆ ದೋಣಿಯವರು ನೀರು ಕುಡಿಯುತ್ತಾರೆ. ಹಾಗಾಗಿ ಪಿಸುಮಾತಿನಲ್ಲೇ ಸಂಸಾರ ಮಾಡುವುದನ್ನು ಎಲ್ಲರೂ ಕಲಿತಿದ್ದೇವೆ. ನಾನಂತೂ ಅದರಲ್ಲಿ ಪಳಗಿದವಳು. ಇವರ ದನಿ ಸ್ವಲ್ಪ ಏರಿದರೆ ಸಾಕು, ಮೊಣಕೈಯಿಂದ ತಿವಿದು ‘ಮೆಲ್ಲಗೆ’ ಅನ್ನುತ್ತೇನೆ.

ಇಂಥ ಜಾಗಕ್ಕೆ ಹೋದ ವಾರ ಒಂದು ದೊಡ್ಡ ಬಿಳಿ ದೋಣಿ ಬಂತು. ಲಾಂಡ್ರಿ ದೋಣಿ. ಒಳಗೆ ಸಾಲಾಗಿ ಬಟ್ಟೆ ಒಗೆಯುವ ಮಷೀನುಗಳು. ಹೊರಗೆ ಸಮುದ್ರದಲ್ಲಿ ನಿಲ್ಲುವ ಹಡಗುಗಳ ಚಾದರ, ಟವೆಲ್ಲು ಎಲ್ಲ ಇಲ್ಲಿಗೆ ಬರುತ್ತವೆ. ಅಷ್ಟು ಮಷೀನಿಗೆ ಕರೆಂಟು ಬೇಕಲ್ಲ, ಹಿಂಭಾಗದ ಜಗಲಿಯ ಮೇಲೆ ಅದರ ಒಡತಿ ಒಂದು ಜನರೇಟರ್ ಕೂರಿಸಿದ್ದಾಳೆ. ಮಧ್ಯಾಹ್ನ ಶುರುವಾದರೆ ಕತ್ತಲಾಗುವ ತನಕ ಗುಡುಗುಡು. ನನ್ನ ಹೊಲಿಗೆ ಮಷೀನಿನ ಸದ್ದು ನನಗೇ ಕೇಳುವುದಿಲ್ಲ. ಹಾಯಿ ಹೊಲಿಯುವಾಗ ದಾರ ತುಂಡಾದರೆ ಸದ್ದಿನಿಂದಲೇ ಗೊತ್ತಾಗಬೇಕು. ಮೊನ್ನೆ ಯಾರದೋ ಹೊಸ ಹಾಯಿಗೆ ದಾರವೇ ಇಲ್ಲದೆ ಮಾರುದ್ದ ಬರೀ ತೂತು ಹೊಡೆದಿಟ್ಟಿದ್ದೇನೆ.

ದೋಣಿಯ ಒಡತಿ ಒಬ್ಬಳೇ ಇದ್ದಾಳೆ. ನನ್ನ ವಯಸ್ಸಿನವಳೇ ಇರಬೇಕು. ನಾನು ಅವಳಿಗೆ ಜನರೇಟರಮ್ಮ ಎಂದು ಹೆಸರಿಟ್ಟೆ, ಈಗ ಕೊಲ್ಲಿಗೆಲ್ಲ ಅದೇ ಹೆಸರು. ಇವರಿಗೆ ಹೇಳಿದ್ದೇನೆ: ನೀವು ಎಂಜಿನ್ ಮೆಕ್ಯಾನಿಕ್ ತಾನೆ, ಹೋಗಿ ಆ ರಾಕ್ಷಸನ ಬಾಯಿಗೆ ಒಳ್ಳೆಯ ಸೈಲೆನ್ಸರ್ ಹಾಕಿ ಬನ್ನಿ ಎಂದು. ಎಂದಿನಂತೆ ತಲೆ ಆಡಿಸಿದರು. ಈಗೊಂದೆರಡು ವರ್ಷದಿಂದ ನನ್ನ ಸಂಸಾರ ಆ ತಲೆಯಾಟದಲ್ಲೇ ನಡೆಯುತ್ತಿದೆ.

ಇಲ್ಲಿ ಫೋನ್ ಹಿಡಿಯುವುದಿಲ್ಲ, ಹಿಡಿದರೂ ಎಲ್ಲರ ಕಿವಿಗೆ ಬೀಳುತ್ತದೆ. ಕುಡಿಯುವ ನೀರು ತರುವ ದೋಣಿಯವರ ಕೈಲಿ ಕಾಗದ ಕಳಿಸುತ್ತಿದ್ದೇನೆ, ನೀನೂ ಹಾಗೇ ಮಾಡು.

ತಲೆನೋವಿನಲ್ಲೇ ಬರೆದು ಮುಗಿಸಿದ
ನಿನ್ನ ಪುಟ್ಟಿ

*

ಮನೆಯಿಂದ
ಜನವರಿ ೨೧

ಪುಟ್ಟೀ,

ನಿನ್ನ ಕಾಗದ ಔಷಧಿ ಅಂಗಡಿಗೇ ಬಂತು. ಕೆಮ್ಮಿನ ಔಷಧಿಗೆ ಬಂದವರನ್ನು ಕೌಂಟರಿನಾಚೆ ನಿಲ್ಲಿಸಿಕೊಂಡೇ ಓದಿದೆ. ನಿನ್ನ ಗೋಳು ಕೇಳಿ ಅಯ್ಯೋ ಅನ್ನುವ ಬದಲು ನಗು ಬಂತು. ನಮ್ಮ ಅಂಗಡಿ ಮುಂದೆ ಬಸ್ ಸ್ಟಾಪು, ಮೇಲಿನ ಮಹಡಿಯಲ್ಲಿ ಡ್ಯಾನ್ಸ್ ಕ್ಲಾಸು, ಮನೆಗೆ ಹೋದರೆ ಗೋಡೆಯಾಚೆ ಪಕ್ಕದವರ ಟೀವಿ. ನಿನ್ನ ಒಂದು ಜನರೇಟರಿಗೆ ನಾನು ಏನೆಂದು ಕನಿಕರ ಪಡಲಿ?

ನಿನ್ನ ಭಾವ ಸೌಖ್ಯ. ಪೇಪರ್ ಓದುತ್ತಿದ್ದಾರೆ.

ಒಂದು ಮಾತು. ಗಂಡನನ್ನು ಕಳಿಸುವ ಮುಂಚೆ ಅವಳನ್ನು ಸರಿಯಾಗಿ ನೋಡಿದ್ದೀಯೋ ಇಲ್ಲವೋ? ಸೈಲೆನ್ಸರ್ ಹಾಕಲು ಹೋದವನು ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟಾನು. ತಮಾಷೆಗೆ ಅಂದೆ, ಮೂಗು ಮುರಿಯಬೇಡ.

ನಿನ್ನ ಅಕ್ಕ

*

ದೋಣಿಯಿಂದ
ಫೆಬ್ರವರಿ ೧೨

ಅಕ್ಕಾ,

ನಿನ್ನ ಬಾಯಿಗೆ ಏನು ಹೇಳಲಿ? ಆಡಿದ್ದು ಹಾಗೇ ಆಯಿತು.

ಇವರು ಮೊದಲ ಸಲ ಹೋದವರು ಹೊತ್ತು ಮುಳುಗಿದ ಮೇಲೆ ಬಂದರು. ಸೈಲೆನ್ಸರ್ ಏನಾಯಿತು ಎಂದರೆ ಸುಮ್ಮನೆ ಕೈ ತೊಳೆದುಕೊಂಡರು. ಮಾರನೆಯ ದಿನ ಮತ್ತೆ ಹೋದರು. ಆಮೇಲೆ ದಿನಾ. ಸಂಜೆಯಾಗುತ್ತಲೇ ಚಿಕ್ಕ ದೋಣಿಯ ಹಗ್ಗ ಬಿಚ್ಚುತ್ತಾರೆ. ಅಲ್ಲಿ ಜನರೇಟರಿನ ಪಕ್ಕದಲ್ಲೇ ಎರಡು ಕುರ್ಚಿ ಹಾಕಿಕೊಂಡು ಇಬ್ಬರೂ ಕೂರುತ್ತಾರೆ. ನಮ್ಮ ದೋಣಿಯಿಂದ ಎಲ್ಲ ಕಾಣುತ್ತದೆ, ಒಂದಕ್ಷರ ಕೇಳುವುದಿಲ್ಲ. ಇಡೀ ಕೊಲ್ಲಿಯಲ್ಲಿ ಗುಟ್ಟು ಆಡಬಹುದಾದ ಜಾಗ ಎಂದರೆ ಆ ದರಿದ್ರ ಮಷೀನಿನ ಪಕ್ಕ ಒಂದೇ. ಅದನ್ನೇ ಹುಡುಕಿಕೊಂಡಿದ್ದಾರೆ.

ಮತ್ತೆ ನಗುತ್ತಾರೆ ಅಕ್ಕಾ. ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು, ತೊಡೆ ತಟ್ಟಿಕೊಂಡು. ಆ ನಗು ನನಗೆ ಗೊತ್ತು, ಅದನ್ನು ನೋಡಿಯೇ ನಾನು ಇವರನ್ನು ಮೆಚ್ಚಿದ್ದು. ನಮ್ಮ ದೋಣಿಯಲ್ಲಿ ಅದು ಕಾಣದೆ ವರ್ಷಗಳಾದವು. ನಾನು ದಿನದ ಸುದ್ದಿಯೆಲ್ಲ ಹೇಳಿದರೆ ಹೂಂ ಅನ್ನುತ್ತಾರೆ, ತಲೆ ಆಡಿಸುತ್ತಾರೆ, ನನ್ನ ಬಾಯಿಯನ್ನೇ ನೋಡುತ್ತಾರೆ, ಯಾವಾಗ ಮುಚ್ಚುತ್ತಾಳೋ ಎಂದು ಕಾಯುವವರ ಹಾಗೆ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವುದು ಇದಕ್ಕೇ ಇರಬೇಕು.

ನಿನ್ನೆ ಇವರ ಅಂಗಿಗಳು ಒಗೆದು ಇಸ್ತ್ರಿಯಾಗಿ ಬಂದವು. ಎಣ್ಣೆಯ ಕಲೆ ಒಂದೂ ಇಲ್ಲ. ನಾನು ವರ್ಷಗಟ್ಟಲೆ ತಿಕ್ಕಿ ತಿಕ್ಕಿ ತೆಗೆಯಲಾರದ ಕಲೆ ಅವಳು ಒಂದೇ ಒಗೆತಕ್ಕೆ ತೆಗೆದಿದ್ದಾಳೆ. ಬೇರೆ ಯಾರದೋ ಸೋಪಿನ ವಾಸನೆ. ಅವನ್ನು ಬಕೆಟ್ಟಿಗೆ ಹಾಕಿ ಮತ್ತೆ ಒಗೆದು ಹಾಕಿದೆ.

ಅವಳನ್ನು ಈಗ ಸರಿಯಾಗಿ ನೋಡಿದೆ, ನೀನು ಹೇಳಿದ ಮೇಲೆ. ದಪ್ಪಗಿದ್ದಾಳೆ. ಚೆನ್ನಾಗಿಯೂ ಇದ್ದಾಳೆ.

ನಿನ್ನ ಪುಟ್ಟಿ

*

ಮನೆಯಿಂದ
ಫೆಬ್ರವರಿ ೨೫

ಪುಟ್ಟೀ,

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಾಗಿಲು ಕಿಟಕಿ ಇಲ್ಲದ ಜಗಲಿಯಲ್ಲಿ, ಇಡೀ ಕೊಲ್ಲಿಯ ಕಣ್ಣೆದುರು, ಗುಡುಗುಡು ಅನ್ನುವ ಮಷೀನಿನ ಪಕ್ಕ ಕೂತು ಯಾರಾದರೂ ಕಳ್ಳ ಸಂಬಂಧ ಮಾಡುತ್ತಾರೇನೇ? ನೀನೂ ಹೋಗಿ ಒಂದು ಲೋಟ ಚಹಾ ಕುಡಿದು ಬಾ.

ಆದರೆ ಒಂದು ಕೇಳುತ್ತೇನೆ. ಅವನು ನಿನ್ನ ಹತ್ತಿರ ಮಾತು ಕಡಿಮೆ ಮಾಡಿದ್ದು ಬಿಳಿ ದೋಣಿ ಬರುವುದಕ್ಕಿಂತ ಮುಂಚೆಯೇ ಅಲ್ಲವೇ? ಹಾಗಾದರೆ ಅವಳ ತಪ್ಪು ಹೇಗಾಯಿತು?

ಇಲ್ಲಿ ಎಲ್ಲ ಎಂದಿನಂತೆ. ನಿನ್ನ ಭಾವ ಕನ್ನಡಕ ಬದಲಾಯಿಸಿದರು, ಪೇಪರಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲವಂತೆ. ನನಗೆ ಅದು ಕನ್ನಡಕದ ಅಂಗಡಿಯವರಿಂದ ಗೊತ್ತಾಯಿತು.

ನಿನ್ನ ಅಕ್ಕ

*

ದೋಣಿಯಿಂದ
ಮಾರ್ಚ್ ೧೯

ಅಕ್ಕಾ,

ನಿನ್ನ ಮನೆಯ ಹಿಂದಿನ ಕೋಣೆ ಖಾಲಿ ಇದೆಯೇ? ಹೊಲಿಗೆ ಮಷೀನ್ ಇಡುವಷ್ಟು ಜಾಗ ಸಿಕ್ಕರೆ ಸಾಕು, ನಾನು ಯಾರಿಗೂ ಭಾರವಾಗುವುದಿಲ್ಲ.

ನಾನು ಒಂದು ಅರ್ಜಿ ಬರೆದೆ. ಈ ಕೊಲ್ಲಿಯಲ್ಲಿ ಜನರೇಟರ್ ಓಡಿಸುವ ದೋಣಿ ಇರಕೂಡದು, ನಮ್ಮ ನೆಮ್ಮದಿ ಹಾಳಾಗಿದೆ ಎಂದು, ಬಂದರು ಕಚೇರಿಯ ಸಾಹೇಬರಿಗೆ. ಪ್ರತಿ ದೋಣಿಗೂ ಹುಟ್ಟು ಹಾಕಿಕೊಂಡು ಹೋಗಿ ಸಹಿ ಹಾಕಿಸಿದೆ. ಯಾರೂ ಇಲ್ಲ ಅನ್ನಲಿಲ್ಲ. ಕೊನೆಗೆ ಇವರ ಮುಂದೆ ಹಿಡಿದೆ. ಓದಿದರು. ನನ್ನ ಮುಖ ನೋಡಿದರು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟರು, ಅದೂ ಜೋರಾಗಿ: “ಅವಳೇನು ಶೋಕಿಗೆ ಓಡಿಸ್ತಾಳಾ? ಹೊಟ್ಟೆಪಾಡು ಅದು. ಆ ಸದ್ದು ಇದ್ರೆ ಇರ್ಲಿ ಬಿಡು, ನಂಗೆ ಅದು...”

ಅಷ್ಟರಲ್ಲಿ ನಾನು ತಿವಿದು ‘ಮೆಲ್ಲಗೆ’ ಅಂದೆ. ಪಕ್ಕದ ದೋಣಿಯವರು ಆಗಲೇ ತಲೆ ಎತ್ತಿ ನೋಡುತ್ತಿದ್ದರು. ಇವರು ಆಡುತ್ತಿದ್ದ ಮಾತನ್ನು ಅಲ್ಲೇ ಬಿಟ್ಟು ಎದ್ದು ಹೋದರು, ಎಲ್ಲಿಗೆ ಎಂದು ಹೇಳಬೇಕಾಗಿಲ್ಲ.

ಹಿಂದೆ ದೂರದಲ್ಲಿ ಯಾರದೋ ಎಂಜಿನ್ ಒಂಚೂರು ಅಪಸ್ವರ ಹೊರಡಿಸಿದರೂ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ ಇವರು. ಈಗ ಆ ಗುಡುಗು ಇರಲಿ ಅನ್ನುತ್ತಾರೆ. ಮೊನ್ನೆ ನಮ್ಮದೇ ಎಂಜಿನ್ ರಿಪೇರಿ ಮಾಡುವಾಗ ಮರದ ಕೋಲನ್ನು ಅದಕ್ಕೆ ಒತ್ತಿ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಎಷ್ಟು ಕರೆದರೂ ತಿರುಗಲಿಲ್ಲ. ಮನಸ್ಸು ಎಲ್ಲಿತ್ತೋ. ನನಗೆ ಅಳು ಬಂತು, ಅದನ್ನೂ ಸದ್ದಿಲ್ಲದೆ ಅತ್ತೆ.

ಅವಳ ಜೊತೆ ಒಂದು ಸಂಜೆ ಆಡುವಷ್ಟು ಮಾತನ್ನು ನನ್ನ ಜೊತೆ ಒಂದು ವರ್ಷದಲ್ಲಿ ಆಡಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಅಂಗಿ ಅವಳು ಒಗೆಯಲಿ, ಚಹಾ ಅವಳೇ ಕೊಡಲಿ, ಆ ಮಾತುಗಳು ನನ್ನವು. ಅವು ಬೇಕು ನನಗೆ. ಸಿಗುವುದಿಲ್ಲ ಎಂದಾದರೆ ದೋಣಿಯಲ್ಲಿ ನನಗೇನು ಕೆಲಸ? ಕೋಣೆಯ ವಿಷಯ ಬೇಗ ತಿಳಿಸು.

ಹೊಟ್ಟೆ ಉರಿದುಕೊಂಡು ಕೂತಿರುವ
ಪುಟ್ಟಿ

*

ಮನೆಯಿಂದ
ಮಾರ್ಚ್ ೨೮

ಪುಟ್ಟೀ,

ಕೋಣೆ ಇದೆ. ಕಿಟಕಿ ಪಕ್ಕ ಮಷೀನ್ ಇಡಬಹುದು. ನಿನ್ನ ಭಾವನಿಗೆ ಹೇಳಿದೆ. ಪೇಪರಿನ ಪುಟ ತಿರುವಿದರು, ಅದನ್ನೇ ಒಪ್ಪಿಗೆ ಎಂದು ತಿಳಿದಿದ್ದೇನೆ.

ಆದರೆ ದೂರದಿಂದ ನೋಡಿ ಕಥೆ ಕಟ್ಟಿಕೊಂಡು ಬರಬೇಡ. ಒಂದು ಸಲ ಹತ್ತಿರ ಹೋಗಿ ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಬಾ. ಇಲ್ಲದಿದ್ದರೆ ಇಲ್ಲಿಗೆ ಬಂದ ಮೇಲೂ ನಿನ್ನ ಮನಸ್ಸು ಆ ಎರಡು ಕುರ್ಚಿಗಳ ಸುತ್ತಲೇ ಗಿರಕಿ ಹೊಡೆಯುತ್ತಿರುತ್ತದೆ. ನಿನ್ನನ್ನು ನಾನು ಬಲ್ಲೆ.

ಅಕ್ಕ

*

ದೋಣಿಯಿಂದ
ಏಪ್ರಿಲ್ ೧೪

ಅಕ್ಕಾ,

ಹೋದೆ. ಕಂಡೆ. ಕೇಳಿದೆ. ನಾನು ಮಾತ್ರ ಅಲ್ಲ, ಇಡೀ ಕೊಲ್ಲಿ ಕೇಳಿತು.

ಹಾಯಿಬಟ್ಟೆ ಮೇಷ್ಟರ (ಪಕ್ಕದ ದೋಣಿಯವರು, ಬಟ್ಟೆ ತರಿಸಿಕೊಡುತ್ತಾರೆ) ಪುಟ್ಟ ದೋಣಿ ಕೇಳಿ ಪಡೆದು ಹೊರಟೆ. ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ, ಜನರೆಲ್ಲ ತಂಪಿಗೆ ದೋಣಿಗಳ ಮೇಲೆ ಕೂತಿದ್ದರು. ಜನರೇಟರಿನ ಸದ್ದಿನಲ್ಲಿ ನನ್ನ ಹುಟ್ಟಿನ ಸಪ್ಪಳ ಯಾರಿಗೂ ಕೇಳಲಿಲ್ಲ. ಬಿಳಿ ದೋಣಿಯ ಹಿಂಭಾಗಕ್ಕೆ ಹೋಗಿ ಜಗಲಿಯ ಅಂಚು ಹಿಡಿದುಕೊಂಡೆ. ಇವರು ನನಗೆ ಬೆನ್ನು ಮಾಡಿ ಕೂತಿದ್ದರು. ಅವಳು ಬಗ್ಗಿ, ಇವರ ಕಿವಿಯ ಹತ್ತಿರ ಬಾಯಿ ತಂದು, ಏನೋ ಹೇಳಿದಳು. ಅವಳ ಕೈ ಇವರ ಭುಜದ ಮೇಲಿತ್ತು.

ನನಗೆ ಆಗ ಏನಾಯಿತೋ. ಜನರೇಟರ್ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮೆಕ್ಯಾನಿಕ್ಕನ ಹೆಂಡತಿ ನಾನು, ಡೀಸೆಲ್ ಬರುವ ನಲ್ಲಿ ಎಲ್ಲಿರುತ್ತದೆಂದು ನನಗೆ ಗೊತ್ತಿಲ್ಲವೇ? ಕೈ ಚಾಚಿ ತಿರುಗಿಸಿಬಿಟ್ಟೆ. ನಲ್ಲಿ ಮುಚ್ಚಿದರೂ ಪೈಪಿನಲ್ಲಿ ಉಳಿದದ್ದು ಮುಗಿಯುವ ತನಕ ಓಡುತ್ತದೆ. ಓಡಿತು. ಆಮೇಲೆ ಎರಡು ಸಲ ಕೆಮ್ಮಿ ನಿಂತಿತು.

ಅವಳು ತಲೆ ಎತ್ತಿದಳು. ಇವರು ಎತ್ತಲಿಲ್ಲ. ಒಳಗೆ ಒಗೆಯುವ ಮಷೀನುಗಳ ಡ್ರಮ್ಮುಗಳು ಇನ್ನೂ ಸುತ್ತುತ್ತಿದ್ದವು, ನೆಲ ಇನ್ನೂ ನಡುಗುತ್ತಿತ್ತು, ಇವರು ತಲೆ ತಗ್ಗಿಸಿಕೊಂಡು ಮಾತಾಡುತ್ತಲೇ ಇದ್ದರು. ಮಾತಲ್ಲ, ಕೂಗು. ಎಲೆ ಬಿದ್ದರೂ ಕೇಳುವ ಆ ಮೌನದಲ್ಲಿ, ಗಂಟಲು ಹರಿಯುವ ಹಾಗೆ:

“...ಅವಳ ದನಿ ಹೇಗಿತ್ತು ಅಂತಾನೇ ಮರ್ತುಹೋಗ್ತಾ ಇದೆ ನಂಗೆ. ಅವಳು ಬಾಯಿ ಆಡಿಸ್ತಾಳೆ, ನಾನು ತಲೆ ಆಡಿಸ್ತೀನಿ. ನಾನು ಮಾತಾಡಿದ್ರೆ ಜೋರಾಯ್ತು ಅಂತಾಳೆ. ಕಿವಿ ಹೋಗಿದೆ ಅಂತ ಹೇಗೆ ಹೇಳ್ಲಿ? ಕಿವುಡ ಮೆಕ್ಯಾನಿಕ್ಕನ್ನ ಯಾರು ಕರೀತಾರೆ? ಇಲ್ಲಿ ಬಂದ್ರೆ ಎಲ್ರೂ ಕೂಗ್ಲೇಬೇಕು. ಇದೊಂದು ಜಾಗದಲ್ಲಿ ನಾನೂ ನಾಲ್ಕು ಜನರ ಥರ ಕೂತ್ಕೋತೀನಿ.”

ಆಗ ಅವಳು ಇವರ ಮೊಣಕೈ ಮುಟ್ಟಿ ನನ್ನ ಕಡೆ ತೋರಿಸಿದಳು. ಇವರು ತಿರುಗಿದರು. ನನ್ನ ಕೈ ಇನ್ನೂ ಆ ನಲ್ಲಿಯ ಮೇಲೇ ಇತ್ತು. ಸುತ್ತ ಎಲ್ಲ ದೋಣಿಗಳ ಮೇಲೆ ಜನ ಎದ್ದು ನಿಂತಿದ್ದರು. ನಾನು ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

ಬೇರೆ ಬೇರೆ ದೋಣಿಯಲ್ಲಿ ಹಿಂದೆ ಮುಂದೆ ಮನೆಗೆ ಬಂದೆವು. ಇವರು ಹಾಸಿಗೆಯ ತುದಿಯಲ್ಲಿ ಕೂತು ನನ್ನ ತುಟಿ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಕ್ಕಾ, ಬಂದದ್ದು ಪಿಸುಮಾತೇ. ಕೂಗುವುದಕ್ಕೆ ನನಗೆ ಬರಲಿಲ್ಲ. ನನ್ನ ಗಂಡನಿಗೆ ಕೇಳುವ ಹಾಗೆ ಮಾತಾಡುವುದನ್ನೇ ನಾನು ಮರೆತಿದ್ದೆ.

ಇಷ್ಟೆಲ್ಲ ಆದ ಮೇಲೂ ಒಂದು ಉರಿ ಆರಿಲ್ಲ. ಅವಳಿಗೆ ಮೊದಲು ಗೊತ್ತಾಯಿತು. ಅವಳ ಗಂಡ ಬಾಯ್ಲರ್ ಕೆಲಸದವನಂತೆ, ತೀರಿಕೊಂಡನಂತೆ, ಅವನಿಗೂ ಕಿವಿ ಹೀಗೇ ಹೋಗಿತ್ತಂತೆ. ಇವರನ್ನು ನೋಡಿದ ದಿನವೇ ಅವಳಿಗೆ ತಿಳಿದುಹೋಯಿತಂತೆ. ಒಂದೇ ದಿನದಲ್ಲಿ. ನಾನು ಒಂದೇ ತಟ್ಟೆ ಒಂದೇ ಹಾಸಿಗೆಯವಳು, ನನಗೆ ತಿಳಿಯಲಿಲ್ಲ. ಅವಳನ್ನು ಕ್ಷಮಿಸಲು ನನಗೆ ಆಗುತ್ತಿಲ್ಲ.

ಪುಟ್ಟಿ

*

ಮನೆಯಿಂದ
ಏಪ್ರಿಲ್ ೨೩

ಪುಟ್ಟೀ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನಿನ್ನ ಕೆಲಸ. ಇರಲಿ, ಬೈಯುವುದಕ್ಕೆ ಬರೆಯುತ್ತಿಲ್ಲ.

ನಮ್ಮ ಅಂಗಡಿಗೆ ಬರುವ ಕಿವಿ ಡಾಕ್ಟರಿಗೆ ಹೇಳಿದ್ದೇನೆ, ನಿನ್ನ ಗಂಡನನ್ನು ಕರೆದುಕೊಂಡು ಬಾ. ಕಿವಿಗೆ ಮಷೀನ್ ಹಾಕಬಹುದೋ ನೋಡುತ್ತಾರೆ. ಹಿಂದಿನ ಕೋಣೆಗೆ ನೀನು ಒಬ್ಬಳೇ ಬರುವ ಮಾತು ಇನ್ನು ಬೇಡ.

ನೀನು ಮೂರು ತಿಂಗಳಿಂದ ಹೊಟ್ಟೆಕಿಚ್ಚಿನ ಕಾಗದ ಬರೆದೆ, ನಾನು ಬುದ್ಧಿ ಹೇಳಿದೆ. ಇವತ್ತು ನಾನೂ ಒಂದು ಹೇಳುತ್ತೇನೆ, ಓದಿ ಹರಿದುಹಾಕು. ನಿನ್ನ ಕಳೆದ ಕಾಗದ ಓದಿದ ಮೇಲೆ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು. ನಿನ್ನ ದನಿ ಮರೆತುಹೋಗುತ್ತಿದೆ ಎಂದು ಒಬ್ಬ ಗಂಡಸು ಗಂಟಲು ಹರಿದುಕೊಂಡು ಕೂಗಿದನಲ್ಲೇ. ಅಂಗಡಿಯಲ್ಲೇ ಕೂತು ಎರಡು ಸಲ ಓದಿದೆ.

ನಿನ್ನ ಭಾವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ ಕಣೇ.

ಅಕ್ಕ

*

ದೋಣಿಯಿಂದ
ಮೇ ೧೭

ಅಕ್ಕಾ,

ನಿಮ್ಮಲ್ಲಿಂದ ಬಂದ ಮೇಲೆ ನಾಲ್ಕು ಸಲ ಬರೆಯಲು ಕೂತು ಎದ್ದೆ. ಭಾವನ ಕಿವಿಯ ಬಗ್ಗೆ ನೀನು ಬರೆದ ಆ ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ. ಅಲ್ಲಿದ್ದ ಎರಡು ದಿನವೂ ಕೇಳಬೇಕೆಂದುಕೊಂಡೆ, ನೀನು ಚಹಾ, ತಿಂಡಿ, ಡಾಕ್ಟರು ಎಂದು ಓಡಾಡುತ್ತಲೇ ಇದ್ದೆ. ಭಾವ ಇವರ ಜೊತೆ ಮಾತ್ರ ಎಷ್ಟು ಚೆನ್ನಾಗಿ ಮಾತಾಡಿದರು, ಅದೂ ಜೋರಾಗಿ. ಆಗ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದನ್ನು ನಾನು ನೋಡಿದೆ.

ಕಿವಿಯ ಮಷೀನ್ ಬರಲು ಇನ್ನೂ ದಿನ ಹಿಡಿಯುತ್ತದಂತೆ. ಬಂದರೂ ಒಂದು ಕಿವಿಗೆ ಮಾತ್ರ, ಆಗಲೂ ಜೋರಾಗಿಯೇ ಮಾತಾಡಬೇಕು ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತು.

ಇಲ್ಲಿ ಇವರನ್ನು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಎದುರಿಗೆ ಬಂದರೆ ಎಲ್ಲರೂ ಪ್ರೀತಿಯಿಂದ ನಗುತ್ತಾರೆ. ಎಂಜಿನ್ ಕೆಟ್ಟರೆ ಬಂದರಿನಿಂದ ಬೇರೆಯವರನ್ನು ಕರೆಸುತ್ತಾರೆ. ಕೋಲು ಹಲ್ಲಿಗೆ ಒತ್ತಿಕೊಂಡು, ಅದರ ನಡುಕದಿಂದಲೇ ಎಂಜಿನ್ನಿನ ನಾಡಿ ನೋಡುವ ವಿದ್ಯೆ ಇವರಿಗಿದೆ ಎಂದು ಹೇಳಿ ನೋಡಿದೆ, ಪಾಪ ಎಂದರು. ಇಷ್ಟೂ ನಾನು ಆ ನಲ್ಲಿ ತಿರುಗಿಸಿದ್ದರಿಂದ ಆದದ್ದು. ಇವರು ಒಂದು ದಿನವೂ ಆಡಿ ತೋರಿಸಿಲ್ಲ, ಅದು ಇನ್ನೂ ಕಷ್ಟ.

ಇವರ ಸಹಿ ಇಲ್ಲದೆಯೇ ಆಗ ಕಳಿಸಿದ್ದ ನನ್ನ ಅರ್ಜಿಯೂ ಫಲ ಕೊಟ್ಟಿತು. ಜನರೇಟರ್ ಇರುವ ದೋಣಿ ಈ ಕೊಲ್ಲಿ ಬಿಟ್ಟು ದೊಡ್ಡ ಬಂದರಿಗೆ ಹೋಗಬೇಕೆಂದು ಸಾಹೇಬರ ಆಜ್ಞೆ ಬಂತು. ಬೇಡ ಎಂದು ಇನ್ನೊಂದು ಅರ್ಜಿ ಬರೆದೆ. ಯಾರೂ ಸಹಿ ಹಾಕಲಿಲ್ಲ.

ಹೋಗುವ ದಿನ ಜನರೇಟರಮ್ಮ ಇವರ ಅಂಗಿಗಳನ್ನು ಮಡಿಸಿ ತಂದುಕೊಟ್ಟಳು. ನನ್ನನ್ನು ಪಕ್ಕಕ್ಕೆ ಕರೆದು, “ನಾನು ಅವರ ಹತ್ರ ಕೂಗಿದ್ದು ಬಿಟ್ರೆ ಬೇರೇನೂ ಮಾಡಿಲ್ಲ. ನೀವೂ ಕೂಗಿ. ಎದುರಿಗೆ ನಿಂತ್ಕೊಂಡು, ಮುಖ ಕಾಣೋ ಹಾಗೆ, ಹೊಟ್ಟೆಯಿಂದ ಕೂಗ್ಬೇಕು” ಎಂದಳು. ನನ್ನ ಗಂಡನ ಹತ್ತಿರ ಹೇಗೆ ಮಾತಾಡಬೇಕೆಂದು ನನಗೆ ಅವಳು ಪಾಠ ಹೇಳುವ ಕಾಲ ಬಂತಲ್ಲ ಎಂದು ಮೈಯೆಲ್ಲ ಉರಿಯಿತು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೆ ಇನ್ನಷ್ಟು ಉರಿಯಿತು.

ಕೂಗುತ್ತಿದ್ದೇನೆ. ಮೊದಲ ದಿನ “ಊಟಕ್ಕೆ ಬನ್ನಿ” ಎಂದು ಕೂಗಿದೆ. ಮೂರು ದೋಣಿಯವರು ತಿರುಗಿ ನೋಡಿದರು, ಇವರೂ ನೋಡಿದರು. ಇವರ ಮುಖ ಹೇಗಾಯಿತೆಂದು ಬರೆಯಲು ಬರುವುದಿಲ್ಲ. ಆದರೆ ಇಂಥ ಜಾಗದಲ್ಲಿ ಎಷ್ಟೆಂದು ಕೂಗಲಿ? ನಮ್ಮ ಸಂಸಾರದ ಪ್ರತಿ ಮಾತೂ ಈಗ ಗುಡ್ಡಕ್ಕೆ ಹೊಡೆದು ವಾಪಸ್ಸು ಬರುತ್ತದೆ. ನಿನ್ನೆ ಹಾಯಿಬಟ್ಟೆ ಮೇಷ್ಟರು ಬಂದು, ಬಹಳ ಸಂಕೋಚದಿಂದ, ಸ್ವಲ್ಪ ಮೆಲ್ಲಗೆ ಮಾತಾಡಬಹುದೇ ಎಂದು ಕೇಳಿಕೊಂಡರು.

ಪುಟ್ಟಿ

*

ದೊಡ್ಡ ಬಂದರಿನಿಂದ
ಜೂನ್ ೩೦

ಅಕ್ಕಾ,

ವಿಳಾಸ ನೋಡಿ ಗಾಬರಿಯಾಗಬೇಡ. ಲಂಗರು ಎತ್ತಿಬಿಟ್ಟೆವು. ನಾನೇ ಹೇಳಿದ್ದು. ಹೇಳಿದ್ದು ಏನು, ಕೂಗಿದ್ದು. ಇಡೀ ಕೊಲ್ಲಿ ನಮ್ಮನ್ನು ಬೀಳ್ಕೊಡಲು ದೋಣಿಗಳ ಮೇಲೆ ನಿಂತಿತ್ತು, ಸ್ವಲ್ಪ ಹೆಚ್ಚೇ ಸಂತೋಷದಿಂದ.

ಈ ಜಾಗ ನೋಡಿದರೆ ನೀನು ನಿನ್ನ ಬಸ್ ಸ್ಟಾಪಿಗೆ ಕೈ ಮುಗಿಯುತ್ತೀಯ. ಎಡಕ್ಕೆ ಜನರನ್ನು ದಾಟಿಸುವ ಲಾಂಚುಗಳು, ಬಲಕ್ಕೆ ಐಸ್ ಪುಡಿ ಮಾಡುವ ಗಿರಣಿ, ಹಿಂದೆ ಕಬ್ಬಿಣ ಬಡಿಯುವವರು. ಹಡಗು ಬಂದರೆ ಸೈರನ್ನು. ಇಲ್ಲಿ ಹುಟ್ಟಿದ ಕೂಸೂ ಕೂಗಿಯೇ ಮಾತಾಡಬೇಕು. ಯಾರಿಗೂ ಯಾರ ಮಾತೂ ಪೂರ್ತಿ ಕೇಳುವುದಿಲ್ಲ, ಆದ್ದರಿಂದ ಇವರಿಗೆ ಕೇಳದಿರುವುದು ಯಾರ ಗಮನಕ್ಕೂ ಬಂದಿಲ್ಲ. ಬಂದವರಿಗೂ ಅದೊಂದು ದೊಡ್ಡ ವಿಷಯವಲ್ಲ. ವಾರದೊಳಗೆ ಲಾಂಚಿನವರು ಕೆಲಸಕ್ಕೆ ಕರೆದರು. ಕೋಲು ಕಚ್ಚಿಕೊಂಡು ಎಂಜಿನ್ ಪಕ್ಕ ಕೂತರೆ ಸುತ್ತ ಜನ ನಿಂತು ನೋಡುತ್ತಾರೆ.

ನನ್ನ ತಲೆ ಸಿಡಿಯುತ್ತದೆ. ದಾರ ತುಂಡಾದದ್ದು ಗೊತ್ತಾಗುವುದಿಲ್ಲ, ಸೂಜಿಯ ಮೇಲೆ ಒಂದು ಕಣ್ಣಿಟ್ಟೇ ಹೊಲಿಯುತ್ತೇನೆ. ಗಂಟಲು ಒಡೆದು ಗಂಡಸಿನ ದನಿಯಾಗಿದೆ. ಆದರೆ ದಿನವಿಡೀ ಮಾತಾಡುತ್ತೇವೆ ಅಕ್ಕಾ. ಎರಡು ವರ್ಷದ ಬಾಕಿ. ನಾನು ಹಿಂದೆ ಹೇಳಿ, ಇವರು ತಲೆಯಾಡಿಸಿ, ಕೇಳದೇ ಹೋದ ಸುದ್ದಿಗಳನ್ನೆಲ್ಲ ಮತ್ತೆ ಹೇಳುತ್ತಿದ್ದೇನೆ. ನಮ್ಮ ಅಪ್ಪ ಕೊನೆಯ ದಿನ ಏನು ಹೇಳಿದರೆಂದು ಇವರಿಗೆ ಗೊತ್ತೇ ಇರಲಿಲ್ಲ. ಅದನ್ನು ಐಸ್ ಗಿರಣಿಯ ಸದ್ದಿನಲ್ಲಿ ಕೂಗಿ ಹೇಳಿದೆ. ಇಬ್ಬರೂ ಅತ್ತೆವು, ಅದೂ ಯಾರಿಗೂ ಕೇಳಲಿಲ್ಲ.

ಕಿವಿಯ ಮಷೀನ್ ಬಂದರೆ ಬರಲಿ. ಬಾರದಿದ್ದರೂ ನಾನು ಇಲ್ಲಿಂದ ಕದಲುವುದಿಲ್ಲ. ನೀನು ಒಂದು ವಾರ ರಜೆ ಹಾಕಿ ಒಬ್ಬಳೇ ಬಾ. ಇಲ್ಲಿ ಏನು ಬೇಕಾದರೂ ಕೂಗಿಕೊಳ್ಳಬಹುದು, ಭಾವನ ಹೆಸರು ಹಿಡಿದೂ ಕೂಗಬಹುದು. ನಾನು ಕೇಳುತ್ತೇನೆ.

ನಮ್ಮ ಪಕ್ಕದಲ್ಲಿ ಯಾರ ದೋಣಿ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಹೌದು, ಬಿಳಿಯದೇ. ಖಾಲಿ ಜಾಗ ಅದೊಂದೇ ಇತ್ತು. ಸಂಜೆ ಈಗ ಜನರೇಟರಿನ ಪಕ್ಕ ಮೂರು ಕುರ್ಚಿ. ಅವಳು ಒಳ್ಳೆಯವಳು, ಅದು ನನಗೂ ಗೊತ್ತು, ಆದರೂ ಅವಳು ಬಾಯಿ ತೆರೆದಾಗಲೆಲ್ಲ ನನಗೆ ಹಳೆಯ ಹೊಟ್ಟೆಕಿಚ್ಚು ಮರಳುತ್ತದೆ.

ನಿನ್ನೆ ಸಂಜೆ ಚಹಾ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಒಂದು ಸುದ್ದಿ ಶುರು ಮಾಡಿದಳು. ಲಾಂಚಿನ ಅಡುಗೆಯವನು ಮುನಿಸಿಕೊಂಡು, ಈ ಜನ್ಮದಲ್ಲಿ ಮುಖ ತೋರಿಸುವುದಿಲ್ಲವೆಂದು ಶಪಥ ಮಾಡಿ ಹೋದವನು, ಹಲ್ಲಿನ ಸೆಟ್ಟು ಮರೆತು ಬಾಯಿ ಮುಚ್ಚಿಕೊಂಡು ವಾಪಸ್ಸು ಬಂದ ಕಥೆ. ಎಷ್ಟು ಚೆನ್ನಾಗಿ ಹೇಳುತ್ತಾಳೆ ಗೊತ್ತೇ, ಅವನ ನಡಿಗೆ, ಅವನ ಬೊಚ್ಚು ಬಾಯಿ ಎಲ್ಲ ಮಾಡಿ ತೋರಿಸುತ್ತಾ. ನಾನು ಚಹಾ ಲೋಟದೊಳಗೇ ನೋಡುತ್ತಾ ಕೂತೆ. ಅರ್ಧ ಆಗಿರಬಹುದು, ಇವರು ಕೈ ಎತ್ತಿ ತಡೆದರು.

“ಗೊತ್ತು, ಗೊತ್ತು. ಬೆಳಿಗ್ಗೆನೇ ನಮ್ಮನೆಯವಳು ಹೇಳಿದ್ಲು.”

ಜನರೇಟರಮ್ಮ ಬಾಯಿ ಮುಚ್ಚಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಒಂಚೂರೂ ಪಾಪ ಅನ್ನಿಸಲಿಲ್ಲ.

ನಿನ್ನ ಪುಟ್ಟಿ